ಕಂಡದ್ದನ್ನು ಬರೆದು ಭಾಗಗಳನ್ನು ಗುರುತಿಸಿ

ಕುರ್ಚಿಯ ಮೇಲೆ ದಿಂಬು ಹಾಕಿದ್ದರು. ಪ್ರಯೋಗಾಲಯದಲ್ಲಿ ಉಳಿದವರಿಗೆಲ್ಲ ಬರೀ ಮರದ ಸ್ಟೂಲು. ಹೊರಗಿನಿಂದ ಬಂದ ಪರೀಕ್ಷಕರಿಗೆ ಮಾತ್ರ ಪ್ರಾಂಶುಪಾಲರ ಕೋಣೆಯಿಂದ ಹೊತ್ತು ತಂದ ಕೈಯಿರುವ ಕುರ್ಚಿ, ಅದರ ಮೇಲೆ ಕಸೂತಿ ಹಾಕಿದ ಮೆತ್ತನೆಯ ದಿಂಬು. ಪರೀಕ್ಷಕರಾಗಿ ಬಂದಿದ್ದ ಮೇಷ್ಟ್ರು ಕೂತ ಗಳಿಗೆಯಿಂದ ಅದರ ಬಗ್ಗೆಯೇ ಯೋಚಿಸುತ್ತಿದ್ದರು. ಇದು ಮರ್ಯಾದೆಯೋ, ಅಥವಾ ತನ್ನ ಮೂಲವ್ಯಾಧಿಯ ಸುದ್ದಿ ಈ ಕಾಲೇಜಿಗೂ ಬಂದು ಮುಟ್ಟಿದೆಯೋ? ಬೇಡವೆಂದು ತೆಗೆದಿಟ್ಟರೆ ಜಂಬ ಅಂದುಕೊಳ್ಳುತ್ತಾರೆ, ತೆಗೆಯದಿದ್ದರೆ ಕಾಯಿಲೆ ಖಾತ್ರಿಯಾಗುತ್ತದೆ. ಕಡೆಗೆ ದಿಂಬಿನ ಅಂಚಿನಲ್ಲಿ ಅರ್ಧ ಕೂತು, ಅತ್ತ ಮರ್ಯಾದೆಯೂ ಇಲ್ಲದೆ ಇತ್ತ ಸುಖವೂ ಇಲ್ಲದೆ ತೊಡೆ ನೋಯಿಸಿಕೊಂಡರು. ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಕೂತದ್ದೂ ಹೀಗೇ, ತುದಿಯಲ್ಲಿ, ಯಾರಾದರೂ ಹೋಗು ಅಂದರೆ ಎದ್ದು ಹೋಗಲು ತಯಾರಾಗಿ. ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯುವಾಗ ಇವರು ಎದುರು ಗೋಡೆಯ ‘ಇಲ್ಲಿ ಉಗುಳಬಾರದು’ ಎಂಬ ಫಲಕವನ್ನು ಮತ್ತೆ ಮತ್ತೆ ಓದಿದ್ದರು. ಹೋದ ವಾರದ ವರದಿಯಲ್ಲಿ ಎಲ್ಲ ಸರಿಯಾಗಿದೆ ಅಂತ ಬಂದಿತ್ತು. ಎಲ್ಲ ಸರಿಯಾಗಿದ್ದವಳು ತಿಂಗಳಿಂದ ಜ್ವರದಲ್ಲಿ ಬೇಯುತ್ತಿದ್ದಳು, ಮನೆಯ ಮೆಟ್ಟಿಲಿನ ನಡುವೆಯೇ ಕೂತು ಏದುಸಿರು ಬಿಡುತ್ತಿದ್ದಳು. ಡಾಕ್ಟರು ಆ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ನಂಬೋ ಹಾಗಿಲ್ಲ. ಇನ್ನೊಂದ್ಸಲ ಮಾಡ್ಸಿ. ಗಾಜಿನ ಮೇಲೆ ರಕ್ತ ಹಚ್ಚಿ ಸರಿಯಾಗಿ ಕಣ್ಣಿಟ್ಟು ನೋಡ್ಲಿ” ಅಂದಿದ್ದರು. ರಿಸಲ್ಟು ಸಂಜೆಗೆ. ಅಲ್ಲಿಯವರೆಗೆ ಇವರು ಅಲ್ಲೇ ಇರಬೇಕಿತ್ತು. ಹೆಂಡತಿಯೇ ಕಳಿಸಿದಳು. “ನೀವು ಹೋಗಿ ಬನ್ನಿ, ಪಾಪ ಮಕ್ಳು ಕಾಯ್ತಿರ್ತಾರೆ. ನೀವು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ” ಅಂದಳು. ಆ ಕಡೆಯ ಮಾತು ಇವತ್ತಿನ ಮಟ್ಟಿಗೆ ಹೇಳಿದ್ದೋ, ಒಟ್ಟಾರೆಯಾಗಿ ಹೇಳಿದ್ದೋ ಎಂದು ಬಸ್ಸಿನ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದರು.

ಅವರಿಗೆ ಜೀವಕೋಶದ ಮೇಷ್ಟ್ರು ಎಂದೇ ಹೆಸರು. ಜೀವಶಾಸ್ತ್ರದ ಉಳಿದ ಪಾಠಗಳನ್ನು ಅವರು ಹೇಗೆ ಮಾಡುತ್ತಿದ್ದರು ಎಂಬುದು ಯಾರಿಗೂ ನೆನಪಿಲ್ಲ, ಅವರಿಗೂ ಇಲ್ಲ. ಆದರೆ ಜೀವಕೋಶದ ದಿನ ಪಕ್ಕದ ತರಗತಿಯ ಹುಡುಗರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಣ್ಣದ ಸೀಮೆಸುಣ್ಣ ಹಿಡಿದು, ಬೋರ್ಡಿನಿಂದ ಕೈ ಎತ್ತದೆ, ಒಂದೇ ಎಳೆತಕ್ಕೆ ಹೊರಗಿನ ಗೆರೆ. ಆ ಗೆರೆ ಶುರುವಾದ ಕಡೆಯೇ ಬಂದು ಕೂಡಿಕೊಂಡಾಗ ಚಪ್ಪಾಳೆ. ಆಮೇಲೆ ಒಳಗಿನ ಸಂಸಾರ. ಕೋಶಪೊರೆ ಬಾಗಿಲು ಕಾಯುವವನು, ಯಾರನ್ನು ಒಳಗೆ ಬಿಡಬೇಕು ಯಾರನ್ನು ತಡೆಯಬೇಕು ಅವನಿಗೆ ಗೊತ್ತು. ಮೈಟೋಕಾಂಡ್ರಿಯ ಅಂದರೆ ಒಲೆ, ಅದು ಆರಿದರೆ ಎಲ್ಲರೂ ಉಪವಾಸ. ಗಾಲ್ಗಿ ಅಂದರೆ ಒಳಗೆ ತಯಾರಾದದ್ದನ್ನು ಪೊಟ್ಟಣ ಕಟ್ಟಿ ವಿಳಾಸ ಅಂಟಿಸಿ ಕಳಿಸುವವನು. ಲೈಸೋಸೋಮು ಕಸ ತಿನ್ನುತ್ತದೆ, ಅದರ ಹೊಟ್ಟೆ ಒಡೆದರೆ ಮನೆಯನ್ನೇ ತಿನ್ನುತ್ತದೆ. ರಸದಾನಿ ನೀರಿನ ತೊಟ್ಟಿ. ಕೋಶಕೇಂದ್ರ ಮನೆಯ ಯಜಮಾನ, ಎಲ್ಲರ ಕೆಲಸದ ಹುಕುಂ ಅವನ ಹತ್ತಿರ. ಮದುವೆಯಾದ ಹೊಸದರಲ್ಲಿ ಈ ಪಾಠವನ್ನು ಅಡುಗೆಮನೆಯಲ್ಲಿ ನಿಂತು ಹೆಂಡತಿಗೂ ಒಪ್ಪಿಸಿದ್ದರು. ಅವಳು ಕೈ ಕೆಲಸ ನಿಲ್ಲಿಸದೆ ಪೂರ್ತಿ ಕೇಳಿ, “ಯಜಮಾನ ಅಂತೆ! ಕೂತಲ್ಲೇ ಕೂತಿರ್ತಾನೆ. ಒಲೆ ಉರಿಸೋದು, ಪೊಟ್ಟಣ ಕಟ್ಟೋದು, ಕಸ ಬಳಿಯೋದು ಎಲ್ಲ ಬೇರೆಯವ್ರು. ನಮ್ಮನೆ ನೋಡ್ಕೊಂಡೇ ಬರ್ದಿದೀರಿ ಬಿಡಿ” ಅಂದಿದ್ದಳು. ಆ ಮಾತನ್ನು ಇವರು ಮೆಚ್ಚುಗೆ ಎಂದು ತಿಳಿದು ಬಹಳ ಕಾಲ ಸ್ನೇಹಿತರಿಗೆ ಹೇಳಿಕೊಂಡು ತಿರುಗಿದ್ದರು.

ಆ ಚಿತ್ರದ ಬಗ್ಗೆ ಯಾರಿಗೂ ಹೇಳದ ಸಂಗತಿ ಒಂದಿತ್ತು. ಅವರ ತರಗತಿಯ ಕಪ್ಪು ಹಲಗೆಯ ನಟ್ಟನಡುವೆ ಯಾವ ಕಾಲದಲ್ಲೋ ಯಾವ ಪುಣ್ಯಾತ್ಮನೋ ನಕ್ಷೆ ನೇತುಹಾಕಲೆಂದು ಒಂದು ಮೊಳೆ ಹೊಡೆದಿದ್ದ. ಕೀಳಿಸಿ ಕೀಳಿಸಿ ಎಂದು ಕಚೇರಿಗೆ ಹೇಳಿ ಬಾಯಿ ನೋಯಿಸಿಕೊಂಡದ್ದಷ್ಟೇ ಬಂತು. ಕೋಶಕೇಂದ್ರ ನಡುವೆ ಬರೆಯಲು ಹೋದರೆ ಸೀಮೆಸುಣ್ಣ ಮೊಳೆಗೆ ತಗುಲಿ ಮುರಿಯುತ್ತಿತ್ತು. ಹಾಗಾಗಿ ಯಜಮಾನನನ್ನು ಎಡಕ್ಕೆ ಸರಿಸಿ, ಮೊಳೆಯ ಸುತ್ತ ರಸದಾನಿಯ ದೊಡ್ಡ ಉಂಗುರ ಎಳೆದು ಮರ್ಯಾದೆ ಉಳಿಸಿಕೊಂಡರು. ವರ್ಷಗಳು ಕಳೆದಂತೆ ಕೈಗೆ ಅದೇ ರೂಢಿಯಾಯಿತು. ಈಗ ಕನಸಿನಲ್ಲಿ ಬರೆದರೂ ಯಜಮಾನ ಎಡಕ್ಕೇ.

“ಸಾರ್, ಒಂದ್ಸಲ ಕಣ್ಣಾಡಿಸಿಬಿಡಿ” ಎಂದು ಆಂತರಿಕ ಪರೀಕ್ಷಕ ಉತ್ತರದ ಹಾಳೆಗಳ ಕಟ್ಟನ್ನು ಎರಡೂ ಕೈಯಿಂದ ಮುಂದಿಟ್ಟ. ಅವನು ಮೇಷ್ಟ್ರ ಹಳೆಯ ಶಿಷ್ಯ, ಒಂದು ಕಾಲಕ್ಕೆ ಮೊದಲ ಚಪ್ಪಾಳೆ ಹೊಡೆಯುತ್ತಿದ್ದವನು. ಈಗ ತಲೆ ಬೋಳಾಗಿ, ಹೊಟ್ಟೆ ಬಂದು, ಈ ಕಾಲೇಜಿನಲ್ಲಿ ಅದೇ ಪಾಠ ಹೇಳುತ್ತಿದ್ದ. ಪ್ರಶ್ನೆ ಸುಲಭದ್ದು: ಸ್ಲೈಡಿನಲ್ಲಿರುವ ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡದ್ದನ್ನು ಬರೆದು ಭಾಗಗಳನ್ನು ಗುರುತಿಸಿ. ಮೇಜಿನುದ್ದಕ್ಕೂ ಸೂಕ್ಷ್ಮದರ್ಶಕಗಳನ್ನು ಸಾಲಾಗಿ ನಿಲ್ಲಿಸಿದ್ದರು, ಒರೆಸಿ ಎಣ್ಣೆ ಹಾಕಿ ಫಳಫಳ ಎನ್ನುವಂತೆ. ಅವುಗಳಲ್ಲಿ ಕಾಣಿಸುತ್ತಿದ್ದದ್ದು ಒಂದರಲ್ಲಿ ಮಾತ್ರ, ಉಳಿದವು ಶೋಭೆಗೆ. ಹುಡುಗರು ಆ ಒಂದರ ಮುಂದೆ ಸಾಲು ನಿಂತು, ಬಾವಿಗೆ ಇಣುಕುವವರಂತೆ ಒಬ್ಬೊಬ್ಬರಾಗಿ ಬಗ್ಗಿ, ಕಣ್ಣಿಟ್ಟಂತೆ ಮಾಡಿ, ಮರುಗಳಿಗೆ ಎದ್ದು ತಮ್ಮ ಸ್ಟೂಲಿಗೆ ಹೋಗಿ ತಲೆ ತಗ್ಗಿಸಿ ಬರೆದಿದ್ದರು. ಮೇಷ್ಟ್ರು ಹಾಳೆ ತಿರುವಿದರು. ಒಂದೇ ಎಳೆತದ ದುಂಡಗಿನ ಗೆರೆ. ತಿರುವಿದರು. ಅದೇ. ಮೈಟೋಕಾಂಡ್ರಿಯ, ಅದರೊಳಗಿನ ಮಡಿಕೆಗಳ ಸಮೇತ. ಗಾಲ್ಗಿ, ಪೊಟ್ಟಣಗಳ ಸಮೇತ. ಈ ಸೂಕ್ಷ್ಮದರ್ಶಕವಿರಲಿ, ಇದರ ಅಪ್ಪನಿಗೂ ಕಾಣದ್ದನ್ನೆಲ್ಲ ಮಕ್ಕಳು ಕಂಡಿದ್ದವು. ಮಣ್ಣಿನೊಳಗೆ ಹುದುಗಿ ಬೆಳೆದ ಬಿಳಿ ಈರುಳ್ಳಿಯಲ್ಲಿ, ಎಲೆಯಲ್ಲಿ ಮಾತ್ರ ಇರಬೇಕಾದ ಹಸಿರು ಕಣಗಳನ್ನೂ ಕಂಡು, ಬಣ್ಣದ ಪೆನ್ಸಿಲಿನಲ್ಲಿ ತುಂಬಿದ್ದವು. ಎಲ್ಲರ ಕೋಶಕೇಂದ್ರವೂ ಎಡಕ್ಕೆ ಸರಿದು ಕೂತಿತ್ತು. ಮೇಷ್ಟ್ರಿಗೆ ಒಳಗೊಳಗೇ ಏನೋ ಉಬ್ಬಿದ ಹಾಗಾಯಿತು. ಮಕ್ಕಳಿಲ್ಲದ ತನಗೆ ತನ್ನ ಮೂಗು ಬಾಯಿ ಇಷ್ಟೊಂದು ಮುಖಗಳಲ್ಲಿ ಕಂಡಂತೆ. ಆಗಲೇ ಆ ಚುಕ್ಕೆ ಕಣ್ಣಿಗೆ ಬಿತ್ತು. ಪ್ರತಿ ಹಾಳೆಯಲ್ಲೂ, ರಸದಾನಿಯ ನಟ್ಟನಡುವೆ, ಪೆನ್ಸಿಲ್ ಒತ್ತಿ ಕಪ್ಪಗೆ ಮಾಡಿದ ಒಂದು ಚುಕ್ಕೆ. ಅದರಿಂದ ಹೊರಟ ಬಾಣ. ಬಾಣದ ತುದಿಯಲ್ಲಿ ‘ಮಧ್ಯಬಿಂದು’.

“ಇದೇನಪ್ಪ ಇದು?” ಎಂದರು.

“ಸಾರ್, ನನ್ನನ್ನೇ ಪರೀಕ್ಷೆ ಮಾಡ್ತಿದೀರಾ?” ಶಿಷ್ಯ ನಕ್ಕ. “ತಾವೇ ಹೇಳ್ಕೊಟ್ಟಿದ್ದು. ನಾನಂತೂ ಮಕ್ಳಿಗೆ ಖಡಾಖಂಡಿತ ಹೇಳಿಬಿಟ್ಟಿದೀನಿ, ಬೇರೆ ಏನು ಬಿಟ್ರೂ ಬಿಡಿ, ಬಿಂದು ಬಿಟ್ರೆ ಅರ್ಧ ಮಾರ್ಕು ಕಟ್ ಅಂತ.”

“ಅದರ ಕೆಲಸ ಏನು?”

“ಸಮತೋಲನ ಸಾರ್.”

ಮೊಳೆಗೆ ಕೆಲಸವೂ ಸಿಕ್ಕಿಬಿಟ್ಟಿತ್ತು. ಮೇಷ್ಟ್ರು ಬಾಯಿ ತೆರೆದರು. ಈಗ ಹೇಳಿಬಿಡಬೇಕು, ನಗುತ್ತಲೇ ಹೇಳಬಹುದು, ಅಯ್ಯೋ ಮಾರಾಯ ಅದು ಬೋರ್ಡಿನ ಮೊಳೆ ಕಣೋ ಅಂತ. ಆದರೆ ಶಿಷ್ಯನ ಮುಖದಲ್ಲಿ ಎಂಥ ಭಕ್ತಿಯಿತ್ತೆಂದರೆ, ಆ ಮೊಳೆ ಕಿತ್ತರೆ ಅವನ ಇಡೀ ವೃತ್ತಿಯೇ ಕಳಚಿ ಕೆಳಗೆ ಬೀಳುತ್ತದೆ ಎನಿಸಿತು. ಅವನದು ಮಾತ್ರವೇ? “ಹ್ಞೂಂ, ಸಮತೋಲನ” ಎಂದು ಮಾರ್ಕು ಹಾಕಲು ಶುರು ಮಾಡಿದರು. ಒಂದು ಸಲ ಹ್ಞೂಂ ಅಂದ ಮೇಲೆ ಕೈ ಸರಾಗವಾಗಿ ಓಡಿತು.

ಕಟ್ಟಿನ ಕೊನೆಗೆ ಬಂದಾಗ ಕೈ ನಿಂತಿತು. ಆ ಹಾಳೆಯಲ್ಲಿ ಚಿತ್ರವೇ ಇರಲಿಲ್ಲ ಎನ್ನಬೇಕು. ದಪ್ಪ ಕಪ್ಪು ಅಂಚಿನ ಒಂದು ಉಂಗುರ, ಅಷ್ಟೆ. ಅಂಚು ಹೊರಗೆ ದಟ್ಟವಾಗಿ, ಒಳಗೆ ಬರುತ್ತ ಬರುತ್ತ ತೆಳುವಾಗಿ, ಬಹಳ ಹೊತ್ತು ನೋಡಿ ನೋಡಿ ತಿದ್ದಿದ ಹಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ: ಕಪ್ಪು ಅಂಚು. ಒಳಗೆ ಬೆಳಕು. ಬೇರೇನೂ ಕಾಣಲಿಲ್ಲ.

ಶಿಷ್ಯ ಹಣೆ ಚಚ್ಚಿಕೊಂಡ. “ಅವಳೇ ಸಾರ್. ಊರಿಗೊಂದು ದಾರಿಯಾದ್ರೆ ಅವಳಿಗೊಂದು ದಾರಿ. ಹೋದ ವರ್ಷಾನೂ ಹೀಗೇ ಏನೋ ಗೀಚಿಟ್ಟು ಫೇಲಾದ್ಲು. ಈ ಸಲ ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡೋ ವಿಭಾಗದ ಟ್ರೈನಿಂಗಿಗೆ ಸೀಟು ಸಿಕ್ಕಿದೆ, ಪ್ರಾಕ್ಟಿಕಲ್ ಪಾಸಾದ್ರೆ ಮಾತ್ರ. ಇಲ್ದಿದ್ರೆ ಅದೂ ಹೋಯ್ತು. ನಾನು ಮೊದ್ಲೇ ಕರೆದು ಹೇಳ್ದೆ ಸಾರ್, ಅಮ್ಮಾ ತಾಯಿ, ಎಲ್ರ ಹಾಗೆ ಬರಿ ಅಂತ. ಕಾಣದ್ದನ್ನ ಹ್ಯಾಗೆ ಬರೀಲಿ ಅಂತಾಳೆ.”

ಕರೆಸಿದಾಗ ಹುಡುಗಿ ಬಂದು ನಿಂತಳು. ತೆಳ್ಳಗೆ, ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಮೊಂಡುತನದ ಮುಖವನ್ನು ನಿರೀಕ್ಷಿಸಿದ್ದ ಮೇಷ್ಟ್ರಿಗೆ ಅಲ್ಲಿ ಬರೀ ಹೆದರಿಕೆ ಕಂಡು ಇರಿಸುಮುರಿಸಾಯಿತು. ಒಂದೊಂದಾಗಿ ಕೇಳಿದರು. ಮೈಟೋಕಾಂಡ್ರಿಯ? ಶಕ್ತಿ ತಯಾರಿಸುತ್ತೆ ಸಾರ್. ಕೋಶಪೊರೆ? ಬೇಕಾದ್ದನ್ನ ಒಳಗೆ ಬಿಟ್ಟು ಬೇಡದ್ದನ್ನ ತಡೆಯುತ್ತೆ ಸಾರ್. ಗಿಣಿ ಕೂಡ ನಾಚಬೇಕು, ಅಷ್ಟು ಸರಾಗ.

“ಎಲ್ಲ ಗೊತ್ತಿದ್ದೂ ಯಾಕೆ ಬರೀಲಿಲ್ಲ?”

“ಗೊತ್ತು ಸಾರ್. ಆದ್ರೆ ಕಾಣ್ಲಿಲ್ಲ.” ಅವಳು ಉಗುಳು ನುಂಗಿದಳು. “ಪ್ರಶ್ನೆ ಪತ್ರಿಕೇಲಿ ಕಂಡದ್ದನ್ನು ಬರೆದು ಅಂತಿತ್ತು.”

ಮೇಷ್ಟ್ರು ಎದ್ದು ಹೋಗಿ ಆ ಒಂದೇ ಒಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬೆಳಗಿನಿಂದ ಇಡೀ ತರಗತಿ ಬಗ್ಗಿ ಬಗ್ಗಿ ನೋಡಿದ ಸ್ಲೈಡು. ದಪ್ಪ ಕಪ್ಪು ಅಂಚು. ಒಳಗೆ ಬೆಳಕು. ಬೇರೇನೂ ಇಲ್ಲ. ನೀರಿನ ಹನಿಯ ಮೇಲೆ ತೆಳು ಗಾಜನ್ನು ದುಡುಕಿ ಇಟ್ಟಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ. ಅವಳು ಬರೆದದ್ದು ಗುಳ್ಳೆಯ ಚಿತ್ರ, ಅದೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದ ಚಿತ್ರ. ಇಷ್ಟು ಜನರಲ್ಲಿ ಕಣ್ಣು ಬಿಟ್ಟು ನೋಡಿದವಳು ಇವಳೊಬ್ಬಳೇ. ಮಾರ್ಕಿನ ಯಾದಿಯಲ್ಲಿ ಕೋಶಕೇಂದ್ರಕ್ಕೆ ಇಷ್ಟು, ಕೋಶಭಿತ್ತಿಗೆ ಇಷ್ಟು ಎಂದು ಹಂಚಿಟ್ಟಿದ್ದರು. ಗುಳ್ಳೆಗೆ ಏನೂ ಇಟ್ಟಿರಲಿಲ್ಲ.

ಊಟಕ್ಕೆ ಪ್ರಾಂಶುಪಾಲರ ಕೋಣೆಗೆ ಕರೆದೊಯ್ದರು. ಎರಡು ಬಗೆಯ ಸಿಹಿ ಇತ್ತು. ಪ್ರಾಂಶುಪಾಲರು ತಾವೇ ನಿಂತು ಬಡಿಸುತ್ತ, ಈ ಸಲ ನೂರಕ್ಕೆ ನೂರು ಪಾಸಾದರೆ ಹೊಸ ಕಟ್ಟಡ ಬರುತ್ತದೆ, ಅದರಲ್ಲಿ ಪ್ರಯೋಗಾಲಯವೇ ದೊಡ್ಡದಿರುತ್ತದೆ ಎಂದರು. “ಒಂದು ಹುಡುಗಿಯಿಂದ ಕಟ್ಟಡ ನಿಲ್ಲಬಾರ್ದಲ್ವಾ ಸಾರ್? ಇನ್ನೊಂದು ಹಾಳೆ ಕೊಟ್ಟು ಕೂರ್ಸಿ. ಎಲ್ರ ಹಾಗೆ ಬರೀಲಿ, ಮುಗೀತು. ನೀವು ಹಿರಿಯರು, ನೀವು ಹೇಳಿದ್ರೆ ಕೇಳ್ತಾಳೆ.” ಉಂಡ ಮನೆಯ ಜಂತೆ ಎಣಿಸಬಾರದು, ಮೇಷ್ಟ್ರು ತಲೆಯಾಡಿಸುತ್ತ ಸಿಹಿ ನುಂಗಿದರು. ನುಂಗುತ್ತಿರುವಾಗಲೇ ಆಸ್ಪತ್ರೆಯ ಕಿಟಕಿ ನೆನಪಾಯಿತು. ಹೆಂಡತಿಯ ರಕ್ತ ತೆಗೆದ ಮೇಲೆ ಅದನ್ನು ಒಂದು ಸಣ್ಣ ಕಿಟಕಿಯಿಂದ ಒಳಗೆ ಕೊಟ್ಟಿದ್ದರು. ಕಿಟಕಿಯಾಚೆ ಬಿಳಿ ಕೋಟಿನ ಒಬ್ಬ ಯುವಕ ಸೂಕ್ಷ್ಮದರ್ಶಕದ ಮುಂದೆ ಕೂತು ಯಾರೊಂದಿಗೋ ಹರಟುತ್ತಿದ್ದ, ಕಣ್ಣಿಟ್ಟು ತೆಗೆದು ಕಣ್ಣಿಟ್ಟು ತೆಗೆದು ಏನನ್ನೋ ಬರೆಯುತ್ತಿದ್ದ. ಅವನು ಎಲ್ಲಿ ಓದಿದವನು? ಅವನಿಗೆ ಪ್ರಾಕ್ಟಿಕಲ್ ಪರೀಕ್ಷೆ ತೆಗೆದುಕೊಂಡವರು ಯಾರು? ಗಾಜಿನ ಮೇಲೆ ಹೆಂಡತಿಯ ರಕ್ತದ ಕಣಗಳು ಹೇಗೆ ಬಿದ್ದಿವೆಯೋ, ಕುಗ್ಗಿವೆಯೋ, ಒಡೆದಿವೆಯೋ, ಬೇಡದ ಜಾತಿಯವು ಹೆಚ್ಚಿವೆಯೋ. ಅವನು ಕಂಡದ್ದನ್ನು ಬರೆಯುತ್ತಾನೋ, ಇರಬೇಕಾದ್ದನ್ನು ಬರೆಯುತ್ತಾನೋ? ಎಲ್ಲ ಸರಿಯಾಗಿದೆ ಎಂಬ ಆ ಮೊದಲ ವರದಿ ಯಾರ ಕೈಬರಹ? ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ತನ್ನ ಬೋರ್ಡಿನ ಮುಂದೆ ಚಪ್ಪಾಳೆ ಹೊಡೆದವರೆಲ್ಲ ಈಗ ಎಲ್ಲೆಲ್ಲಿ ಕೂತಿದ್ದಾರೆ, ಯಾರ ಯಾರ ಹೆಂಡಿರ ರಕ್ತದಲ್ಲಿ ಯಾವ ಯಾವ ಚಿತ್ರ ಕಾಣುತ್ತಿದ್ದಾರೆ. ಈ ಹುಡುಗಿ ಆ ಕಿಟಕಿಯ ಹಿಂದೆ ಕೂರಬೇಕು. ಬೇರೆ ಯಾರು ಕೂರದಿದ್ದರೂ ಚಿಂತೆಯಿಲ್ಲ, ಇವಳು ಕೂರಬೇಕು, ಇದೇ ಕಣ್ಣಿನ ಸಮೇತ ಕೂರಬೇಕು. ಕೈ ತೊಳೆಯಲು ಎದ್ದಾಗ ಅವರು ನಿಶ್ಚಯ ಮಾಡಿಕೊಂಡಿದ್ದರು. ಅವಳಿಗೆ ಇನ್ನೊಂದು ಹಾಳೆ ಕೊಡುವುದು ನಿಜ. ಆದರೆ ಅದಕ್ಕೆ ಮೊದಲು ಗುಳ್ಳೆಯಿಲ್ಲದ ಸ್ಲೈಡು ಕೊಡುವುದು. ನಿಜವಾದ ಜೀವಕೋಶ ನೋಡಲಿ, ಕಂಡದ್ದನ್ನು ಬರೆಯಲಿ, ನ್ಯಾಯವಾಗಿ ಪಾಸಾಗಲಿ.

“ಒಂದು ಈರುಳ್ಳಿ ತರ್ಸಿ” ಎಂದು ಶಿಷ್ಯನಿಗೆ ಹೇಳಿದರು. “ನಾನೇ ಸ್ಲೈಡ್ ಮಾಡ್ತೀನಿ.”

“ಅಯ್ಯೋ, ತಾವ್ಯಾಕೆ ಸಾರ್ ತೊಂದ್ರೆ ತಗೋತೀರಿ!” ಶಿಷ್ಯನ ದನಿಯಲ್ಲಿ ಗಾಬರಿಯಿತ್ತು. ಯಾರೋ ದೊಡ್ಡ ಮನುಷ್ಯ ಅಂಗಿ ಕಳಚಿ ಚರಂಡಿಗೆ ಇಳಿಯುತ್ತೇನೆ ಅಂದ ಹಾಗೆ.

ಈರುಳ್ಳಿ ಬಂತು. ತೋಳು ಮಡಿಸಿದ ಮೇಲಷ್ಟೇ ಮೇಷ್ಟ್ರಿಗೆ ಹೊಳೆಯಿತು, ತಾನು ಈ ಕೆಲಸ ಕೈಯಾರೆ ಮಾಡಿ ಯುಗವಾಗಿದೆ. ತನ್ನ ಕಾಲೇಜಿನಲ್ಲಿ ಇದ್ದದ್ದು ಬೋರ್ಡೊಂದೇ. ಬೋರ್ಡಿನ ಮೇಲೆ ಈರುಳ್ಳಿ ಸುಲಿಯಬೇಕಿಲ್ಲ. ಪರೀಕ್ಷೆ ಮುಗಿಸಿ ಹೊರಗೆ ನಿಂತಿದ್ದ ಹುಡುಗರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು ಅಂಟಿಕೊಂಡರು. ಮೊದಲ ಪೊರೆ ಹರಿಯಿತು. ಎರಡನೆಯದು ದಪ್ಪಗೆ ಬಂದು ತುಂಡಿನ ಹಾಗೆ ಸ್ಲೈಡಿನ ಮೇಲೆ ಕೂತಿತು, ಪಲ್ಯಕ್ಕೆ ಹೆಚ್ಚಿದ ಹಾಗೆ. ಕಣ್ಣಲ್ಲಿ ನೀರು ಬಂತು. ಅದು ಈರುಳ್ಳಿಯಿಂದಲೇ ಬಂದದ್ದು, ಆದರೆ ಕಿಟಕಿಯಲ್ಲಿದ್ದವರಿಗೆ ಅದನ್ನು ಹೇಳುವವರು ಯಾರು? ಚಿಮಟದಲ್ಲಿ ಮತ್ತೊಂದು ಪೊರೆ ಎಳೆದು, ನೀರಿನ ಹನಿಯಲ್ಲಿಟ್ಟು, ತೆಳು ಗಾಜನ್ನು ಮೇಲೆ ಬಿಟ್ಟು ಕಣ್ಣಿಟ್ಟರು. ಗುಳ್ಳೆ. ಇನ್ನೊಂದು ಮಾಡಿದರು. ಈ ಸಲ ಗುಳ್ಳೆಗಳ ಸಂಸಾರವೇ ನೆರೆದಿತ್ತು, ಅಪ್ಪ ಅಮ್ಮ ಮಕ್ಕಳು ಮರಿ. ಅವಸರಕ್ಕೆ ಒಂದು ಗಾಜು ಒಡೆಯಿತು. “ಈ ಗಾಜೇ ಸರಿಯಿಲ್ಲ” ಎಂದು ಗೊಣಗಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ತಾವೇ ನೆನಪಿಸಿಕೊಂಡು ಕಿವಿ ಬಿಸಿ ಮಾಡಿಕೊಂಡರು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಶಿಷ್ಯ ಅವರನ್ನು ಗದರಿಸಿ ಓಡಿಸಿದ್ದು ನಗುವಿಗಿಂತ ಹೆಚ್ಚು ಅವಮಾನವೆನಿಸಿತು. ಆ ಹುಡುಗಿ ಮಾತ್ರ ಮೇಜಿನ ಪಕ್ಕದಲ್ಲಿ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಹೆಂಡತಿ ಜ್ವರದಲ್ಲೇ ಎದ್ದು ಒಲೆ ಹಚ್ಚುವಾಗ ‘ಬಿಡು ನಾನೇ ಮಾಡ್ತೀನಿ’ ಎಂದು ಇವರು ಅಡುಗೆಮನೆಗೆ ನುಗ್ಗಿ ಹಾಲು ಉಕ್ಕಿಸಿದಾಗ, ಅವಳ ಮುಖದಲ್ಲಿ ಇಂಥದೇ ಒಂದು ನೋಟವಿತ್ತು. ಅದು ಏನೆಂದು ಆಗಲೂ ಇವರಿಗೆ ತಿಳಿದಿರಲಿಲ್ಲ.

ಕಡೆಗೆ ಕೈಗೆ ತಾಳ್ಮೆ ಬಂತು. ಉಗುರಿನ ಅಂಚಿನಿಂದ ಸುಲಿದ ಪೊರೆ ಸೊಳ್ಳೆಯ ರೆಕ್ಕೆಯಷ್ಟು ತೆಳ್ಳಗೆ ಎದ್ದಿತು. ಒಂದು ಹನಿ ಅಯೋಡಿನ್. ತೆಳು ಗಾಜಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ, ಮಲಗಿದ ಮಗುವಿಗೆ ಹೊದಿಕೆ ಎಳೆಯುವ ಹಾಗೆ ನಿಧಾನವಾಗಿ ಇಳಿಸಿದರು. ಕನ್ನಡಕ ತೆಗೆದು ಕಣ್ಣಿಟ್ಟು ಗುಂಡಿ ತಿರುಗಿಸಿದರು. ಮಸುಕು ಕದಲಿ, ಗೆರೆಗಳು ಎದ್ದು ಬಂದವು. ಉದ್ದುದ್ದ ಕೋಣೆಗಳು. ಇಟ್ಟಿಗೆ ಜೋಡಿಸಿದ ಹಾಗೆ ಒಂದಕ್ಕೊಂದು ಒತ್ತಿಕೊಂಡು, ಕಣ್ಣು ಹೋದಷ್ಟು ದೂರಕ್ಕೆ. ದುಂಡಗಿನದು ಒಂದಾದರೂ ಇರಲಿಲ್ಲ. ಪ್ರತಿ ಕೋಣೆಯ ಮೂಲೆಯಲ್ಲಿ ಗೋಡೆಗೆ ಆತುಕೊಂಡು ಒಂದು ಹಳದಿ ಚುಕ್ಕೆ. ಅಷ್ಟೇ. ಒಲೆಯಿಲ್ಲ, ಪೊಟ್ಟಣವಿಲ್ಲ, ಬಾಗಿಲು ಕಾಯುವವನಿಲ್ಲ. ಎಲ್ಲ ಇದ್ದಾವು, ಒಳಗೆ ಕೆಲಸ ನಡೆಯುತ್ತಲೇ ಇದ್ದೀತು, ಕಾಣುವುದಿಲ್ಲ ಅಷ್ಟೆ. ಕಾಣುವುದು ಗೋಡೆ, ಮೂಲೆಗೆ ಒತ್ತರಿಸಲ್ಪಟ್ಟ ಯಜಮಾನ, ಮತ್ತು ನಡುವೆ ಅಷ್ಟಗಲದ ಖಾಲಿ ಬೆಳಕು. ಎಷ್ಟು ಸರಳವಾಗಿತ್ತು, ಎಷ್ಟು ಚೆಂದವಿತ್ತು! ಇಷ್ಟು ವರ್ಷ ಇದನ್ನು ಒಂದು ಸಲವೂ ಇಷ್ಟು ಹೊತ್ತು ನೋಡಲಿಲ್ಲವಲ್ಲ ಎಂದು ಮತ್ತೊಮ್ಮೆ ಕಣ್ಣಿಟ್ಟರು. ಈ ಸಂತೋಷವನ್ನು ಈಗಲೇ ಯಾರಿಗಾದರೂ ಕೊಡಬೇಕು ಎನಿಸಿತು.

“ಬಾಮ್ಮ ಇಲ್ಲಿ, ನೋಡು” ಎಂದರು. ದನಿ ತನಗೇ ಗುರುತು ಸಿಗದಷ್ಟು ಮೃದುವಾಗಿತ್ತು. “ಅವಸರ ಮಾಡ್ಬೇಡ. ಎಷ್ಟು ಹೊತ್ತು ಬೇಕಾದ್ರೂ ನೋಡು. ಏನು ಕಾಣುತ್ತೋ ಅದನ್ನೇ ಬರಿ.”

ಹುಡುಗಿ ಬಗ್ಗಿದಳು. ಬಹಳ ಹೊತ್ತು ಅಲುಗಾಡಲಿಲ್ಲ. ಅವಳ ತುಟಿ ಸ್ವಲ್ಪ ತೆರೆದದ್ದನ್ನು ಮೇಷ್ಟ್ರು ನೋಡಿದರು; ಕಂಡಿತು, ಅವಳಿಗೂ ಕಂಡಿತು. ಅವಳು ತಲೆ ಎತ್ತಿ ಒಮ್ಮೆ ಅವರನ್ನು ನೋಡಿದಳು. ಅಯೋಡಿನ್ ಬಳಿದುಕೊಂಡ ಬೆರಳು, ಈರುಳ್ಳಿಗೆ ಕೆಂಪಾದ ಕಣ್ಣು, ಒಡೆದ ಗಾಜಿನ ಚೂರು, ಮೇಜಿನ ತುಂಬ ಹರಿದ ಪೊರೆಗಳು. ಬಾಗಿಲಲ್ಲಿ ಪ್ರಾಂಶುಪಾಲರು ಬಂದು ಕೈಕಟ್ಟಿ ನಿಂತಿದ್ದರು. ಶಿಷ್ಯ ಹೊಸ ಹಾಳೆ ತಂದು ಅವಳ ಮುಂದಿಟ್ಟು, “ಪಾಪ, ಸಾರ್ ನಿನಗೋಸ್ಕರ ಎಷ್ಟು ಕಷ್ಟಪಟ್ರು ನೋಡು. ಅವರ ಮರ್ಯಾದೆ ಉಳಿಸು” ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಯಾವಾಗಲೂ ಕೊನೆಯ ಬೆಂಚಿನವರೆಗೂ ಕೇಳಿಸುತ್ತಿತ್ತು.

ಅವಳು ಸ್ಟೂಲಿನ ಮೇಲೆ ಕೂತು ಬರೆದಳು. ತೋಳಿನ ಮರೆಯಲ್ಲಿ ಹಾಳೆ ಕಾಣುತ್ತಿರಲಿಲ್ಲ. ಪೆನ್ಸಿಲು ಓಡುವ ಸದ್ದು ಮಾತ್ರ ಕೇಳುತ್ತಿತ್ತು, ನಡುನಡುವೆ ನಿಲ್ಲುವುದು, ಮತ್ತೆ ಓಡುವುದು. ಮೇಷ್ಟ್ರು ಕುರ್ಚಿಗೆ ಹೋಗಿ ಪೂರ್ತಿಯಾಗಿ ಕೂತರು. ಸಂಜೆ ಆಸ್ಪತ್ರೆಗೆ ಹೋದ ಕೂಡಲೇ ಇದನ್ನು ಹೆಂಡತಿಗೆ ಹೇಳಬೇಕು, ಒಂದು ಹುಡುಗಿಗೆ ಇವತ್ತು ನಿಜವಾಗಿ ಪಾಠ ಮಾಡಿದೆ ಅಂತ ಹೇಳಬೇಕು, ಅವಳು ಏನಾದರೂ ಕೊಂಕು ಆಡೇ ಆಡುತ್ತಾಳೆ, ಆಡಲಿ, ಆಡುವಷ್ಟು ಶಕ್ತಿ ಅವಳಲ್ಲಿ ಇರಲಿ. ಹುಡುಗಿ ಎದ್ದು ಬಂದು ಹಾಳೆಯನ್ನು ಎರಡೂ ಕೈಯಿಂದ ಕೊಟ್ಟಳು. ಬೆಳಗಿನ ಹೆದರಿಕೆ ಅವಳ ಮುಖದಲ್ಲಿರಲಿಲ್ಲ. ಹಿರಿಯರೊಬ್ಬರಿಗೆ ದೊಡ್ಡ ಉಪಕಾರ ಮಾಡಿದವಳ ಸಮಾಧಾನವಿತ್ತು.

ದುಂಡಗಿನ ಗೆರೆ. ಒಂದೇ ಎಳೆತದ್ದು, ಶುರುವಾದ ಕಡೆಯೇ ಬಂದು ಕೂಡಿಕೊಂಡಿತ್ತು. ಒಳಗೆ ಸಂಸಾರ ಸಮಸ್ತವೂ ಇತ್ತು, ಹಸಿರು ಕಣಗಳೂ ಇದ್ದವು. ತರಗತಿಯ ಬೇರೆ ಯಾರೂ ಇಷ್ಟು ಅಚ್ಚುಕಟ್ಟಾಗಿ ಬರೆದಿರಲಿಲ್ಲ. ಗುಳ್ಳೆಯನ್ನು ಬರೆದ ಕೈಯಲ್ಲವೇ.

ಮೇಷ್ಟ್ರು ತಲೆ ಎತ್ತಿದರು. “ಇದು... ನಿನಗೆ ಅದರಲ್ಲಿ ಇದು ಕಾಣ್ತಾ?”

“ಕಾಣ್ತು ಸಾರ್” ಎಂದಳು ಹುಡುಗಿ. ಒಂದಿಷ್ಟೂ ತಡವರಿಸಲಿಲ್ಲ. “ತಾವು ಇಷ್ಟು ಕಷ್ಟಪಟ್ಟು ತೋರಿಸಿದ್ಮೇಲೆ ಕಾಣದೆ ಇರುತ್ತಾ?”

ಪ್ರಾಂಶುಪಾಲರು ಬಾಗಿಲಲ್ಲಿ ಉಸಿರು ಬಿಟ್ಟರು. ಶಿಷ್ಯ ಕೈ ಕೈ ಉಜ್ಜಿಕೊಂಡ. ಈಗ ಹಾಳೆ ಹರಿದು, ಹುಚ್ಚು ಹುಡುಗಿ, ಕಂಡದ್ದನ್ನು ಬರಿ ಅಂದೆನಲ್ಲ ಎಂದು ಕೂಗಬೇಕಿತ್ತು. ಕೂಗಿದರೆ ಅವಳ ಸೀಟು ಹೋಗುತ್ತದೆ. ಕೂಗದಿದ್ದರೆ ಅವಳು ಪಾಸಾಗಿ ಆ ಕಿಟಕಿಯ ಹಿಂದೆ ಹೋಗಿ ಕೂರುತ್ತಾಳೆ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.

“ಏನಾದ್ರೂ ಬಿಟ್ಟಿದೀನಾ ಸಾರ್?” ಹುಡುಗಿ ಪೆನ್ಸಿಲು ಹಿಡಿದೇ ನಿಂತಿದ್ದಳು. “ಹೇಳಿ, ಸೇರಿಸ್ತೀನಿ.”

ಅವರು ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿದರು, ಇಷ್ಟು ವರ್ಷ ನೋಡಿದ ಹಾಗೆಯೇ. ಬಾಯಿ ತಾನಾಗಿ ತೆರೆದುಕೊಂಡಿತು.

“ರೈಬೋಸೋಮು ಹಾಕಿಲ್ವಲ್ಲಮ್ಮ” ಎಂದರು.

ಯಾವ ಕಾಲೇಜಿನ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣವು ಅವು. ಹುಡುಗಿ “ಅಯ್ಯೋ ಹೌದಲ್ವಾ ಸಾರ್” ಎಂದು ನಾಲಿಗೆ ಕಚ್ಚಿಕೊಂಡು, ಹಾಳೆ ತೆಗೆದುಕೊಂಡು ಹೋಗಿ, ಪೆನ್ಸಿಲು ಚೂಪು ಮಾಡಿ, ಸೂಕ್ಷ್ಮದರ್ಶಕಕ್ಕೆ ಬೆನ್ನು ಹಾಕಿ ಕೂತು ಚುಕ್ಕೆ ಇಡತೊಡಗಿದಳು.